ವಿಟರ್ಬಿ ದಾಟಿದ ಫ್ರೇಮ್ ರೀಡ್-ಸಾಲೊಮನ್‌ನಲ್ಲಿ ಬೀಳುತ್ತಿದೆ: ತಪ್ಪನ್ನು ಎಲ್ಲಿ ಹುಡುಕುವುದು?

ತರಂಗದೂರ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕೆಳಕಕ್ಷೆಯ ಸಣ್ಣ ಉಪಗ್ರಹವೊಂದರ ಟೆಲಿಮೆಟ್ರಿಗೆ ಡಿಕೋಡರ್ ಬರೆಯುತ್ತಿದ್ದೇನೆ. ಸಿಗ್ನಲ್ 437 ಮೆಗಾಹರ್ಟ್ಸ್ ಬ್ಯಾಂಡಿನಲ್ಲಿ ಬಿಪಿಎಸ್‌ಕೆ (ಅಲೆಯ ಫೇಸನ್ನು ಅರ್ಧ ಸುತ್ತು ತಿರುಗಿಸಿ 0, 1 ಕಳಿಸುವ ವಿಧಾನ), ಸೆಕೆಂಡಿಗೆ 20,000 ಸಿಂಬಲ್. ಕೋಡಿಂಗ್ ಸಿಸಿಎಸ್‌ಡಿಎಸ್‌ನ (ಬಾಹ್ಯಾಕಾಶ ಸಂಸ್ಥೆಗಳು ಸೇರಿ ಮಾಡಿದ ಡೇಟಾ ಮಾನದಂಡ) ಹಳೇ ಜೋಡಿ: ಒಳಗೆ ಕನ್ವಲ್ಯೂಷನಲ್ ಕೋಡ್ (ರೇಟ್ 1/2, ಕನ್‌ಸ್ಟ್ರೇಂಟ್ ಲೆಂತ್ 7), ಹೊರಗೆ ರೀಡ್-ಸಾಲೊಮನ್ (255, 223), ಇಂಟರ್‌ಲೀವಿಂಗ್ (ಹಲವು ಕೋಡ್‌ವರ್ಡ್‌ಗಳ ಬೈಟ್‌ಗಳನ್ನು ಸರದಿಯಂತೆ ಹೆಣೆಯುವುದು) ಆಳ 4. ರ‍್ಯಾಂಡಮೈಸರ್ (ಗೊತ್ತಿರುವ ಸರಣಿಯೊಂದಿಗೆ ಬಿಟ್‌ಗಳನ್ನು ಕಲಸುವ ಹಂತ) ಇದೆ.

ಈಗಿನ ಪರಿಸ್ಥಿತಿ ಹೀಗಿದೆ. ವಿಟರ್ಬಿ (ಒಳಗಿನ ಕೋಡ್ ಬಿಚ್ಚುವ ಡಿಕೋಡರ್) ಆದಮೇಲೆ ಫ್ರೇಮಿನ ಆರಂಭ ತೋರಿಸುವ ಸಿಂಕ್ ಮಾರ್ಕರ್, ಹೆಕ್ಸ್‌ನಲ್ಲಿ 1ಎ ಸಿಎಫ್ ಎಫ್‌ಸಿ 1ಡಿ ಕರಾರುವಾಕ್ಕಾಗಿ 8192 ಬಿಟ್‌ಗೊಮ್ಮೆ ಸಿಗುತ್ತಿದೆ. ಕೆಲವೊಮ್ಮೆ ಅದು ಉಲ್ಟಾ ಆಗಿ ಇ5 30 03 ಇ2 ಎಂದು ಬರುತ್ತದೆ, ಆಗ ಆ ಫ್ರೇಮಿನ ಬಿಟ್‌ಗಳನ್ನೆಲ್ಲ ತಿರುಗಿಸುತ್ತೇನೆ. ಇಷ್ಟಾದರೂ ರೀಡ್-ಸಾಲೊಮನ್ ಡಿಕೋಡರ್ ಒಂದೇ ಒಂದು ಫ್ರೇಮನ್ನೂ ಒಪ್ಪುತ್ತಿಲ್ಲ. ಉಪಗ್ರಹ ನೆತ್ತಿಯ ಮೇಲಿದ್ದು ಸಿಗ್ನಲ್ ಜೋರಾಗಿರುವಾಗಲೂ ಅಷ್ಟೇ. ನನ್ನದೇ ಎನ್‌ಕೋಡರ್‌ನಿಂದ ಸೊನ್ನೆ ತುಂಬಿದ ಫ್ರೇಮ್ ಮಾಡಿ ಅದೇ ಡಿಕೋಡರ್‌ಗೆ ಕೊಟ್ಟರೆ ಸಲೀಸಾಗಿ ಪಾಸ್ ಆಗುತ್ತದೆ.

ಎರಡನೇ ಗೊಂದಲ: ಸಾಫ್ಟ್ ಡಿಸಿಷನ್ (ಸಿಂಬಲ್ 0 ಅಥವಾ 1 ಎಂದಷ್ಟೇ ಅಲ್ಲದೆ ಅದು ಎಷ್ಟು ಖಚಿತ ಎಂಬುದನ್ನೂ ಹೇಳುವುದು) ಕೊಟ್ಟರೆ ಸುಮಾರು 2 ಡಿಬಿ ಲಾಭ ಎನ್ನುತ್ತಾರೆ. ನನ್ನಲ್ಲಿ ಹಾರ್ಡ್ ಡಿಸಿಷನ್ನೇ ಚೆನ್ನಾಗಿ ಕೆಲಸ ಮಾಡುತ್ತಿದೆ, ಸಾಫ್ಟ್ ಕೊಟ್ಟರೆ ಇನ್ನೂ ಹಾಳಾಗುತ್ತದೆ. ವಿಟರ್ಬಿಗೆ ಬಳಸುತ್ತಿರುವುದು ಲಿಬ್‌ಫೆಕ್ ಎಂಬ ಲೈಬ್ರರಿ. ಮೂರನೆಯದು, ಒಂದರ ಮೇಲೊಂದು ಎರಡು ಕೋಡ್ ಹಾಕುವ ಅಗತ್ಯವೇನು? ಮುಂದಿನ ಉಪಗ್ರಹಕ್ಕೆ ನೇರವಾಗಿ ಎಲ್‌ಡಿಪಿಸಿ ಎಂಬ ಒಂದೇ ಕೋಡಿಗೆ ಹೋಗಬಹುದೇ?

ಸಿಂಡ್ರೋಮ್:

ಮೊದಲು ಸಿಕ್ಕಿರುವ ಸಾಕ್ಷ್ಯ ಏನು ಹೇಳುತ್ತಿದೆ ನೋಡೋಣ. ಸಿಸಿಎಸ್‌ಡಿಎಸ್‌ನಲ್ಲಿ ಸಿಂಕ್ ಮಾರ್ಕರ್ ಕೂಡ ಕನ್ವಲ್ಯೂಷನಲ್ ಎನ್‌ಕೋಡರ್ ಮೂಲಕವೇ ಹಾದು ಬರುತ್ತದೆ. ಅದು ವಿಟರ್ಬಿಯ ಈಚೆ ಸ್ವಚ್ಛವಾಗಿ ಸಿಗುತ್ತಿದೆ ಎಂದರೆ ಪಾಲಿನಾಮಿಯಲ್‌ಗಳು (ಆಕ್ಟಲ್ 171 ಮತ್ತು 133), ಅವುಗಳ ಸರದಿ, ಎರಡನೇ ಸಿಂಬಲ್ಲಿನ ತಲೆಕೆಳಗು, ಜೋಡಿ ಎಲ್ಲಿ ಶುರುವಾಗುತ್ತದೆ ಎಂಬುದು, ನಾಲ್ಕೂ ಸರಿ ಇವೆ. ಮುಂದೆ ಅತ್ತ ಕೈ ಹಾಕಬೇಡಿ. 8192 ಬಿಟ್ ಎಂದರೆ 1024 ಬೈಟ್. ಮಾರ್ಕರಿನ 4 ಕಳೆದರೆ 1020, ಅಂದರೆ 4 × 255. ಫ್ರೇಮ್ ಪೂರ್ತಿ ಉದ್ದದ್ದು, ಮೊಟಕುಗೊಳಿಸಿದ್ದಲ್ಲ. ತಪ್ಪು ಇರುವುದು ಮಾರ್ಕರಿನ ಆಚೆಯ ಆ 1020 ಬೈಟ್‌ಗಳಲ್ಲಿ.

ಈ ರೀಡ್-ಸಾಲೊಮನ್ ಸಿಸ್ಟಮ್ಯಾಟಿಕ್ ಕೋಡ್. ಮೊದಲ 892 ಬೈಟ್ ನಿಮ್ಮ ಡೇಟಾ ಹಾಗೇ ಇರುತ್ತದೆ, ಕೊನೆಯ 128 ಪ್ಯಾರಿಟಿ (ತಪ್ಪು ತಿದ್ದಲು ಸೇರಿಸಿದ ಬೈಟ್‌ಗಳು). ಸಿಗ್ನಲ್ ಜೋರಾಗಿದ್ದಾಗ ವಿಟರ್ಬಿಯ ಔಟ್‌ಪುಟ್‌ನಲ್ಲಿ ದೋಷವೇ ಉಳಿಯುವುದಿಲ್ಲ. ಹಾಗಾಗಿ ರೀಡ್-ಸಾಲೊಮನ್ ಅನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ರ‍್ಯಾಂಡಮೈಸರ್ ಬಿಚ್ಚಿ ನೇರವಾಗಿ ಹೆಡರ್ ಓದಿ. ಟಿಎಂ, ಎಓಎಸ್ ಎಂಬುವು ಸಿಸಿಎಸ್‌ಡಿಎಸ್‌ನ ಫ್ರೇಮ್ ಮಾದರಿಗಳು. ಟಿಎಂ ಫ್ರೇಮ್ ಆದರೆ ಮೂರನೇ ಬೈಟ್ ಮಾಸ್ಟರ್ ಚಾನೆಲ್ ಎಣಿಕೆ, ನಾಲ್ಕನೆಯದು ವರ್ಚುವಲ್ ಚಾನೆಲ್ ಎಣಿಕೆ. ಎಓಎಸ್ ಫ್ರೇಮ್ ಆದರೆ ಮೂರರಿಂದ ಐದನೇ ಬೈಟ್‌ವರೆಗೆ 24 ಬಿಟ್‌ನ ಎಣಿಕೆ. ಹತ್ತು ಫ್ರೇಮನ್ನು ಒಂದರ ಕೆಳಗೊಂದು ಮುದ್ರಿಸಿ ನೋಡಿ. ಎಣಿಕೆ ಒಂದೊಂದೇ ಏರುತ್ತಿದ್ದರೆ ರ‍್ಯಾಂಡಮೈಸರ್ ಸರಿ, ತಪ್ಪು ರೀಡ್-ಸಾಲೊಮನ್ ಒಳಗಿದೆ. ಫ್ರೇಮಿನ ಕೊನೆಯಲ್ಲಿ 16 ಬಿಟ್ ಸಿಆರ್‌ಸಿ (ತಪ್ಪು ಪತ್ತೆಹಚ್ಚುವ ತಾಳೆ ಸಂಖ್ಯೆ) ಇದ್ದರೆ ಇನ್ನೂ ಒಳ್ಳೆಯದು: ಅದು ಪಾಸ್ ಆಯಿತೆಂದರೆ 892 ಬೈಟೂ ಶುದ್ಧ ಎಂದು ಒಂದೇ ಏಟಿಗೆ ಗೊತ್ತಾಗುತ್ತದೆ.

ಹೆಡರ್ ಅರ್ಥವಾಗದಿದ್ದರೆ ರ‍್ಯಾಂಡಮೈಸರ್ ನೋಡಿ. ಪ್ರತಿ ಮಾರ್ಕರ್ ಮುಗಿದ ಕೂಡಲೇ ರಿಜಿಸ್ಟರ್ ಮತ್ತೆ ಎಲ್ಲ 1 ಆಗಬೇಕು. ಮಾರ್ಕರ್‌ಗೆ ಮಾತ್ರ ಅದು ತಾಗುವುದಿಲ್ಲ. ಸರಣಿ ಎಫ್‌ಎಫ್ 48 0ಇ ಸಿ0 9ಎ ಎಂದು ಶುರುವಾಗಿ 255 ಬಿಟ್‌ಗೊಮ್ಮೆ ಮರುಕಳಿಸುತ್ತದೆ, ಹೆಚ್ಚಿನ ಬಿಟ್ ಮೊದಲು. 255 ಬಿಟ್, ಬೈಟ್ ಅಲ್ಲ. 255 ಬೈಟಿನ ಟೇಬಲ್ ಇಟ್ಟುಕೊಂಡವರಿಗೂ ಸರಿ ಹೋಗುತ್ತದೆ, ಏಕೆಂದರೆ 255 ಬೈಟ್‌ನಲ್ಲಿ ಈ ಸರಣಿ ಸರಿಯಾಗಿ 8 ಸುತ್ತು ಮುಗಿಸುತ್ತದೆ. 256 ಬೈಟಿನ ಟೇಬಲ್ ಇಟ್ಟರೆ ಒಂದು ಸುತ್ತಿನ ನಂತರ ಎಲ್ಲವೂ ಜಾರಿಹೋಗುತ್ತದೆ, ಫ್ರೇಮಿನ ಮೊದಲ ಕಾಲುಭಾಗ ಮಾತ್ರ ಸರಿಯಾಗಿ ಕಾಣುತ್ತದೆ. ಹೆಡರ್ ಅಷ್ಟೇ ನೋಡಿ ಸಮಾಧಾನಪಟ್ಟುಕೊಳ್ಳಬಾರದು ಎನ್ನುವುದು ಇದಕ್ಕೇ.

ಈಗ ನಿಮ್ಮ ಸೊನ್ನೆ ಪರೀಕ್ಷೆಯ ವಿಷಯ. ನಿಮ್ಮನ್ನು ದಾರಿ ತಪ್ಪಿಸಿರುವುದು ಅದೇ ಇರಬೇಕು. ಡೇಟಾ ಎಲ್ಲ ಸೊನ್ನೆ ಆದರೆ ಪ್ಯಾರಿಟಿಯೂ ಸೊನ್ನೆ. ಯಾವ ಪಾಲಿನಾಮಿಯಲ್, ಯಾವ ಬೇಸಿಸ್, ಯಾವ ಇಂಟರ್‌ಲೀವಿಂಗ್ ಹಾಕಿದರೂ ಅದು ಪಾಸ್. "ಸರಿ, 55 ತುಂಬುತ್ತೇನೆ" ಎಂದರೂ ಪ್ರಯೋಜನವಿಲ್ಲ. 255 ಬೈಟೂ ಒಂದೇ ಆಗಿರುವ ಪದ ಈ ಕೋಡಿನಲ್ಲಿ ಯಾವಾಗಲೂ ಸರಿಯಾದ ಕೋಡ್‌ವರ್ಡ್, ಏಕೆಂದರೆ ಜನರೇಟರಿನ ಬೇರುಗಳಲ್ಲಿ 1 ಇಲ್ಲ. 223 ಬಾರಿ 55 ಕೊಟ್ಟರೆ ಪ್ಯಾರಿಟಿಯಾಗಿ 32 ಬಾರಿ 55 ಬರುತ್ತದೆ. ಪರೀಕ್ಷೆಗೆ 0, 1, 2, 3 ಎಂದು 222ರವರೆಗೆ ಏರುವ ಬೈಟ್‌ಗಳನ್ನು ಕೊಡಿ. ಬಂದ 32 ಪ್ಯಾರಿಟಿ ಬೈಟ್‌ಗಳನ್ನು ಬೇರೆಯವರು ಬರೆದ ಎನ್‌ಕೋಡರ್ ಕೊಡುವುದರ ಜೊತೆ ತಾಳೆ ನೋಡಿ. ನಿಮ್ಮ ಎನ್‌ಕೋಡರ್, ನಿಮ್ಮ ಡಿಕೋಡರ್ ಎರಡರಲ್ಲೂ ಒಂದೇ ತಪ್ಪಿದ್ದರೆ ಅವು ಒಂದನ್ನೊಂದು ಜೀವಮಾನವಿಡೀ ಒಪ್ಪುತ್ತಲೇ ಇರುತ್ತವೆ.

ಹೆಡರ್ ಸರಿಯಾಗಿ ಕಂಡರೆ ಹುಡುಕಬೇಕಾದ್ದು ಮೂರೇ.

ಡ್ಯುಯಲ್ ಬೇಸಿಸ್. ನನ್ನ ಅನುಮಾನ ಮೊದಲು ಇದರ ಮೇಲೇ. ಸಿಸಿಎಸ್‌ಡಿಎಸ್ ಬೈಟ್‌ಗಳನ್ನು ಬರ್ಲೆಕ್ಯಾಂಪ್ ರೂಪದಲ್ಲಿ, ಅಂದರೆ ಅದೇ ಮೌಲ್ಯವನ್ನು ಬೇರೆ ಬಿಟ್‌ಗಳಲ್ಲಿ ಬರೆಯುವ ಡ್ಯುಯಲ್ ಬೇಸಿಸ್‌ನಲ್ಲಿ, ಕಳಿಸುತ್ತದೆ. ಸಾಮಾನ್ಯ ಡಿಕೋಡರ್‌ಗೆ ಕೊಡುವ ಮುಂಚೆ ಪ್ಯಾರಿಟಿಯೂ ಸೇರಿ ಎಲ್ಲ ಬೈಟನ್ನೂ ಟೇಬಲ್ ಮೂಲಕ ಸಾಮಾನ್ಯ ರೂಪಕ್ಕೆ ತಿರುಗಿಸಬೇಕು, ತಿದ್ದಿದ ಮೇಲೆ ವಾಪಸ್ ತರಬೇಕು. ವಾಪಸ್ ತರಲು ಮರೆತರೆ ಡಿಕೋಡರ್ "ದೋಷವಿಲ್ಲ" ಎನ್ನುತ್ತದೆ, ಆದರೆ ಹೆಡರ್ ಅರ್ಥವಿಲ್ಲದ ಕಸವಾಗಿರುತ್ತದೆ. ಲಿಬ್‌ಫೆಕ್‌ನಲ್ಲಿ ಇದಕ್ಕಾಗಿಯೇ ಸಿಸಿಎಸ್‌ಡಿಎಸ್ ಹೆಸರಿನ ಪ್ರತ್ಯೇಕ ಫಂಕ್ಷನ್ ಇದೆ; 8 ಎಂಬ ಬಾಲದ ಫಂಕ್ಷನ್ ಅದೇ ಕೋಡಿನ ಸಾಮಾನ್ಯ ರೂಪದ್ದು.

ಪ್ಯಾರಾಮೀಟರ್. ಫೀಲ್ಡ್ ಪಾಲಿನಾಮಿಯಲ್ ಹೆಕ್ಸ್ 187, ಮೊದಲ ಬೇರು 112, ಪ್ರಿಮಿಟಿವ್ ಅಂಶ 11. ಬಹಳಷ್ಟು ಲೈಬ್ರರಿಗಳು ಡೀಫಾಲ್ಟ್ ಆಗಿ ಹೆಕ್ಸ್ 11ಡಿ ಇಟ್ಟುಕೊಂಡಿರುತ್ತವೆ, ಅದು ಇಲ್ಲಿ ನಡೆಯುವುದಿಲ್ಲ.

ಇಂಟರ್‌ಲೀವಿಂಗ್. 1020 ಬೈಟ್‌ಗಳಲ್ಲಿ 0, 4, 8... ಮೊದಲ ಕೋಡ್‌ವರ್ಡ್, 1, 5, 9... ಎರಡನೆಯದು. ಪ್ಯಾರಿಟಿಗೂ ಇದೇ ಲೆಕ್ಕ. ಡೇಟಾವನ್ನು ಮಾತ್ರ ಹೀಗೆ ಬಿಡಿಸಿ, ಕೊನೆಯ 128ನ್ನು 32ರ ನಾಲ್ಕು ತುಂಡಾಗಿ ಕತ್ತರಿಸುವುದು ತುಂಬ ಜನ ಮಾಡುವ ತಪ್ಪು.

ಒಂದು ಧೈರ್ಯದ ಮಾತು. ಈ ಡಿಕೋಡರ್‌ಗೆ ಬರೀ ನಾಯ್ಸ್ ಕೊಟ್ಟರೆ ಅದು ಆಕಸ್ಮಿಕವಾಗಿ "ಸರಿಪಡಿಸಿದೆ" ಎನ್ನುವ ಸಾಧ್ಯತೆ ಸುಮಾರು 16 ಫ್ಯಾಕ್ಟೋರಿಯಲ್‌ನಲ್ಲಿ ಒಂದು, ಅಂದರೆ 20 ಲಕ್ಷ ಕೋಟಿಗೆ ಒಂದು. ಹಾಗಾಗಿ ಯಾವುದೋ ಒಂದು ಸೆಟ್ಟಿಂಗ್‌ನಲ್ಲಿ ಒಂದೇ ಒಂದು ಕೋಡ್‌ವರ್ಡ್ ಪಾಸ್ ಆದರೂ ಆ ಸೆಟ್ಟಿಂಗ್ ಸರಿ ಎಂದೇ ತಿಳಿಯಿರಿ. ಬೈಟೆಲ್ಲ ಒಂದೇ ಇರುವ ಪದ ಮಾತ್ರ ಈ ಲೆಕ್ಕಕ್ಕಿಲ್ಲ.

ಅಲೆಮನೆ:

ಸಿಂಡ್ರೋಮ್ ಅವರು ಹೇಳಿದ್ದಕ್ಕೆ ಪೋಲಾರಿಟಿಯ ವಿಷಯ ಒಂದು ಸೇರಿಸುತ್ತೇನೆ. ಮಾರ್ಕರ್ ನೋಡಿ ಬಿಟ್ ತಿರುಗಿಸುತ್ತಿರುವುದು ಸರಿ, ಅದೊಂದೇ ದಾರಿ ಕೂಡ. 171 ಮತ್ತು 133 ಎರಡರಲ್ಲೂ ಐದೈದು 1 ಇವೆ, ಬೆಸ ಸಂಖ್ಯೆ. ಆದ್ದರಿಂದ ಸಿಂಬಲ್‌ಗಳೆಲ್ಲ ಉಲ್ಟಾ ಆಗಿ ಬಂದರೂ ವಿಟರ್ಬಿಗೆ ಒಂಚೂರೂ ತಿಳಿಯುವುದಿಲ್ಲ, ಉಲ್ಟಾ ಬಿಟ್‌ಗಳನ್ನು ಅಷ್ಟೇ ನೆಮ್ಮದಿಯಿಂದ ಕೊಡುತ್ತದೆ. ರೀಡ್-ಸಾಲೊಮನ್ ಹಿಡಿಯುತ್ತದೆಯೇ? ಅದೂ ಇಲ್ಲ. ಮೇಲೆ ಹೇಳಿದ ಹಾಗೆ ಎಲ್ಲ ಎಫ್‌ಎಫ್ ಆಗಿರುವ ಪದವೂ ಕೋಡ್‌ವರ್ಡ್, ಸರಿಯಾದ ಕೋಡ್‌ವರ್ಡ್‌ಗೆ ಅದನ್ನು ಕೂಡಿಸಿದರೆ ಬರುವುದೂ ಕೋಡ್‌ವರ್ಡ್. ಪೂರ್ತಿ ಉಲ್ಟಾ ಫ್ರೇಮ್ ಎರಡೂ ಜರಡಿ ದಾಟಿ ಬಂದುಬಿಡುತ್ತದೆ. ಮೊಟಕುಗೊಳಿಸಿದ ಫ್ರೇಮ್ ಆದರೆ ಮಾತ್ರ ಸಿಕ್ಕಿಬೀಳುತ್ತದೆ, ಏಕೆಂದರೆ ಮುಂದೆ ನಾವು ಸೇರಿಸುವ ಸೊನ್ನೆಗಳು ಉಲ್ಟಾ ಆಗಿರುವುದಿಲ್ಲ.

ಇನ್ನು ನಿಮ್ಮ ಸಾಫ್ಟ್ ಡಿಸಿಷನ್. ಲಿಬ್‌ಫೆಕ್‌ನ ವಿಟರ್ಬಿಗೆ ಬೇಕಾದ್ದು 0ರಿಂದ 255ರವರೆಗಿನ ಚಿಹ್ನೆಯಿಲ್ಲದ ಬೈಟ್: 0 ಎಂದರೆ ಖಚಿತವಾದ ಸೊನ್ನೆ, 255 ಎಂದರೆ ಖಚಿತವಾದ ಒಂದು, 128 ಎಂದರೆ ಏನೂ ಗೊತ್ತಿಲ್ಲ. ಡಿಮಾಡ್ಯುಲೇಟರ್ ಕೊಡುವುದು ಸಾಮಾನ್ಯವಾಗಿ -127ರಿಂದ +127. ಇದನ್ನು 128 ಕೂಡಿಸದೆ ಹಾಗೇ ದಾಟಿಸಿದರೆ ಏನಾಗುತ್ತದೆ ನೋಡಿ: +127 ಎಂಬ ಗಟ್ಟಿ ಸಿಂಬಲ್ 127 ಆಗಿಯೇ ಉಳಿಯುತ್ತದೆ, ಅಂದರೆ ಡಿಕೋಡರ್ ಕಣ್ಣಿಗೆ "ಗೊತ್ತಿಲ್ಲ". +1 ಎಂಬ ತೀರಾ ದುರ್ಬಲ ಸಿಂಬಲ್ 1 ಆಗುತ್ತದೆ, ಅಂದರೆ "ಖಂಡಿತ ಸೊನ್ನೆ". -1 ಹೋಗಿ 255 ಆಗುತ್ತದೆ, "ಖಂಡಿತ ಒಂದು". ಚಿಹ್ನೆ ಎಲ್ಲ ಕಡೆ ಒಂದೇ ರೀತಿ ಉಲ್ಟಾ ಆಗುತ್ತದೆ, ಅದನ್ನು ಮಾರ್ಕರ್ ನೋಡಿ ತಿರುಗಿಸಿಬಿಡುತ್ತೀರಿ; ನಿಜವಾದ ಹಾನಿ ವಿಶ್ವಾಸವೂ ತಲೆಕೆಳಗಾಗುವುದರಿಂದ. ಸಿಗ್ನಲ್ ಜೋರಾಗಿದ್ದಾಗ ಹೇಗೋ ನಡೆದುಹೋಗುವುದರಿಂದ ಈ ತಪ್ಪು ಬೇಗ ಕಣ್ಣಿಗೆ ಬೀಳುವುದಿಲ್ಲ. ಸಿಗ್ನಲ್ ಇಳಿದಾಗ ಹಾರ್ಡ್ ಡಿಸಿಷನ್‌ಗಿಂತಲೂ ಕೆಟ್ಟ ಫಲಿತಾಂಶ ಬರುತ್ತದೆ. ನೀವು ಹೇಳಿದ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ. 128 ಕೂಡಿಸಿ, ಸರಾಸರಿ ವೈಶಾಲ್ಯ 60ರ ಆಸುಪಾಸು ಬರುವಂತೆ ಎಜಿಸಿ (ಸಿಗ್ನಲ್ ಮಟ್ಟವನ್ನು ತಾನೇ ಹೊಂದಿಸುವ ಭಾಗ) ಇಡಿ. 8 ಬಿಟ್ ಕೂಡ ಐಷಾರಾಮವೇ, 3 ಬಿಟ್‌ಗೆ ಇಳಿಸಿದರೂ ಕಳೆದುಕೊಳ್ಳುವುದು ಸುಮಾರು 0.2 ಡಿಬಿ ಅಷ್ಟೇ. ಆದರೆ 2 ಡಿಬಿ ಬಿಟ್ಟುಕೊಡುವುದು ಸಣ್ಣ ಮಾತಲ್ಲ: ಅದನ್ನು ಆಂಟೆನಾದಿಂದ ತುಂಬಿಕೊಳ್ಳಬೇಕೆಂದರೆ ಡಿಶ್‌ನ ವ್ಯಾಸ ಕಾಲುಪಾಲು ಹೆಚ್ಚಬೇಕು.

ವಿಟರ್ಬಿ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಅಳೆಯಲು ಅದರ ಔಟ್‌ಪುಟ್ಟನ್ನು ಮತ್ತೆ ಎನ್‌ಕೋಡ್ ಮಾಡಿ, ಬಂದ ಸಿಂಬಲ್‌ಗಳ ಚಿಹ್ನೆಯ ಜೊತೆ ಹೋಲಿಸಿ. ವ್ಯತ್ಯಾಸದ ಪ್ರಮಾಣವೇ ಚಾನೆಲ್ಲಿನ ದೋಷ. ಒಂದು ಎಚ್ಚರ: ಬರೀ ನಾಯ್ಸ್ ಕೊಟ್ಟರೆ ಈ ಅಳತೆ 50% ತೋರಿಸುವುದಿಲ್ಲ. ವಿಟರ್ಬಿಯ ಕೆಲಸವೇ ಅತಿ ಹತ್ತಿರದ ದಾರಿ ಹುಡುಕುವುದು, ನಾಯ್ಸ್‌ನಲ್ಲೂ ಅದು ಸಾಕಷ್ಟು ಹತ್ತಿರದ್ದನ್ನು ಹುಡುಕಿಕೊಡುತ್ತದೆ. ಆಂಟೆನಾ ಕಳಚಿ ನಾಯ್ಸ್ ಮಾತ್ರ ಹಾಯಿಸಿ ಬರುವ ಸಂಖ್ಯೆಯನ್ನು ಮೊದಲು ಬರೆದಿಟ್ಟುಕೊಳ್ಳಿ. ಲಾಕ್ ಆಗಿದೆಯೋ ಇಲ್ಲವೋ ಎಂಬುದನ್ನು ಅದಕ್ಕೆ ಹೋಲಿಸಿ ನಿರ್ಧರಿಸಿ.

ದೂರಸಂಚಾರಿ:

ಎರಡು ಕೋಡ್ ಯಾಕೆ ಎಂಬ ಪ್ರಶ್ನೆಗೆ ಉತ್ತರ ವಿಟರ್ಬಿಯ ತಪ್ಪಿನ ಸ್ವಭಾವದಲ್ಲೇ ಇದೆ. ಅದು ತಪ್ಪಿದಾಗ ಬಿಡಿಬಿಡಿಯಾಗಿ ತಪ್ಪುವುದಿಲ್ಲ. ತಪ್ಪು ದಾರಿ ಹಿಡಿದು, ಸರಿದಾರಿಗೆ ಮತ್ತೆ ಸೇರುವತನಕ ಹತ್ತಾರು ಬಿಟ್‌ಗಳನ್ನು ಗೊಂಚಲಾಗಿ ಹಾಳುಮಾಡುತ್ತದೆ. ರೀಡ್-ಸಾಲೊಮನ್‌ಗೆ ಒಂದು ಬೈಟಿನಲ್ಲಿ ಒಂದು ಬಿಟ್ ಕೆಟ್ಟರೂ ಎಂಟೂ ಕೆಟ್ಟರೂ ಒಂದೇ ಲೆಕ್ಕ. ಗೊಂಚಲು ತಪ್ಪು ಅದಕ್ಕೆ ಅಗ್ಗ. ಪ್ರತಿ ಕೋಡ್‌ವರ್ಡ್‌ನಲ್ಲಿ 16 ಬೈಟ್ ತಿದ್ದುತ್ತದೆ, ಆಳ 4 ಇದ್ದರೆ ಸತತ 64 ಬೈಟ್, ಅಂದರೆ 512 ಬಿಟ್ ಪೂರ್ತಿ ನಾಶವಾದರೂ ಫ್ರೇಮ್ ಉಳಿಯುತ್ತದೆ. ಒಂದರ ದೌರ್ಬಲ್ಯ ಇನ್ನೊಂದರ ಬಲಕ್ಕೆ ಸರಿಯಾಗಿ ಕೂತಿದೆ.

ವಾಯೇಜರ್ ಇದಕ್ಕೆ ಒಳ್ಳೆಯ ಉದಾಹರಣೆ. 1977ರಲ್ಲಿ ಹಾರಿದ ಆ ನೌಕೆಗಳು ಗುರು, ಶನಿಗಳ ಚಿತ್ರಗಳಿಗೆ ಹೊರಗಿನ ಕೋಡ್ ಆಗಿ ಗೋಲೇ (24, 12) ಬಳಸಿದವು. ಅದರಲ್ಲಿ ಡೇಟಾದಷ್ಟೇ ಪ್ಯಾರಿಟಿ. ಯುರೇನಸ್ ಹೊತ್ತಿಗೆ (1986) ಸಿಗ್ನಲ್ ಇನ್ನೂ ಕ್ಷೀಣಿಸಿತ್ತು, ಅಷ್ಟು ದುಂದು ಮಾಡುವ ಹಾಗಿರಲಿಲ್ಲ. ಆಗ ವಾಯೇಜರ್ 2ರಲ್ಲಿ ಪ್ರಯೋಗಕ್ಕೆಂದು ಒಯ್ದಿದ್ದ ರೀಡ್-ಸಾಲೊಮನ್ ಎನ್‌ಕೋಡರ್‌ಗೆ ಬದಲಾಯಿಸಿದರು. 223 ಬೈಟಿಗೆ 32 ಬೈಟ್ ಹೆಚ್ಚುವರಿ, ಸುಮಾರು 14% ಮಾತ್ರ. ಹೀಗೆ ಉಳಿದ ಬಿಟ್‌ಗಳು ಚಿತ್ರಕ್ಕೆ ಸಿಕ್ಕವು.

ಅಂಕಿಗಳಲ್ಲಿ ಹೇಳುವುದಾದರೆ: ಲಕ್ಷಕ್ಕೊಂದು ಬಿಟ್ ತಪ್ಪಿಗೆ ಕೋಡ್ ಇಲ್ಲದ ಬಿಪಿಎಸ್‌ಕೆಗೆ ಇಬಿ/ಎನ್0 (ಒಂದು ಬಿಟ್ಟಿನ ಶಕ್ತಿಗೂ ನಾಯ್ಸ್‌ಗೂ ಇರುವ ಅನುಪಾತ) 9.6 ಡಿಬಿ ಬೇಕು. ಕನ್ವಲ್ಯೂಷನಲ್ ಒಂದೇ ಇದ್ದರೆ ಸಾಫ್ಟ್ ಡಿಸಿಷನ್‌ನಲ್ಲಿ 4.2 ಡಿಬಿ ಆಸುಪಾಸು. ಎರಡೂ ಸೇರಿದರೆ 2.5 ಡಿಬಿ ಆಸುಪಾಸು. ಆದರೆ ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ಡಿಮಾಡ್ಯುಲೇಟರಿಗೆ ಬಿಟ್ ಕಾಣುವುದಿಲ್ಲ, ಸಿಂಬಲ್ ಕಾಣುತ್ತದೆ. ಒಟ್ಟು ರೇಟ್ 0.437, ಅಂದರೆ ಸಿಂಬಲ್‌ಗೆ ಸಿಗುವ ಶಕ್ತಿ ಇನ್ನೂ 3.6 ಡಿಬಿ ಕೆಳಗೆ: ಸುಮಾರು -1.1 ಡಿಬಿ. ಅಲ್ಲಿ ಹತ್ತರಲ್ಲಿ ಒಂದು ಸಿಂಬಲ್ ತಪ್ಪಾಗಿಯೇ ಬರುತ್ತದೆ. ಕೋಡ್ ಅದನ್ನು ತಿದ್ದಬಲ್ಲದು. ಆದರೆ ನಿಮ್ಮ ಕಾಸ್ಟಾಸ್ ಲೂಪ್ (ಸಿಗ್ನಲ್ಲಿನ ಫೇಸನ್ನು ಬೆನ್ನಟ್ಟುವ ಭಾಗ) ಆ ಮಟ್ಟದಲ್ಲಿ ಲಾಕ್ ಹಿಡಿದುಕೊಂಡಿರಬೇಕಲ್ಲ? ಕೋಡಿಂಗ್ ಲಾಭ ಕಾಗದದಲ್ಲೇ ಉಳಿಯುವುದು ಹೆಚ್ಚಾಗಿ ಇಲ್ಲಿಯೇ.

ಎಲ್‌ಡಿಪಿಸಿಗೆ ಹೋಗುವುದಾದರೆ ಸಿಸಿಎಸ್‌ಡಿಎಸ್‌ನ ಸಿ2 ಕೋಡ್ (8160, 7136) ನೋಡಿ. 7136 ಬಿಟ್ ಎಂದರೆ 892 ಬೈಟ್, 8160 ಎಂದರೆ 1020 ಬೈಟ್. ನಿಮ್ಮ ಈಗಿನ ಫ್ರೇಮಿನ ಅಳತೆಯೇ! ಆನ್‌ಬೋರ್ಡ್ ಸಾಫ್ಟ್‌ವೇರ್‌ನ ಫ್ರೇಮ್ ರಚನೆ ಮುಟ್ಟದೆ ಕೋಡ್ ಬದಲಾಯಿಸಬಹುದು. ಆದರೆ ಅದು ಬ್ಯಾಂಡ್‌ವಿಡ್ತ್ ಉಳಿಸುವ ಕೋಡ್. ಪವರ್ ಕಡಿಮೆಯಿದ್ದು ಬ್ಯಾಂಡ್‌ವಿಡ್ತ್ ಧಾರಾಳವಾಗಿದ್ದರೆ ರೇಟ್ 1/2ರ ಎಲ್‌ಡಿಪಿಸಿ ಅಥವಾ ಟರ್ಬೊ ಎಂಬ ಇನ್ನೊಂದು ಕೋಡ್ ಆರಿಸಿ. ಅಲ್ಲಿ ಒಂದು ವ್ಯತ್ಯಾಸ ನೆನಪಿಡಿ: ಈಗ ರ‍್ಯಾಂಡಮೈಸರ್ ಅನ್ನು ವಿಟರ್ಬಿಯ ನಂತರ ಬಿಟ್‌ಗಳ ಮೇಲೆ ಬಿಚ್ಚುತ್ತೀರಿ, ಎಲ್‌ಡಿಪಿಸಿ, ಟರ್ಬೊಗಳಲ್ಲಿ ಡಿಕೋಡರ್‌ಗೆ ಕೊಡುವ ಮುಂಚೆಯೇ ಸಾಫ್ಟ್ ಸಿಂಬಲ್‌ಗಳ ಚಿಹ್ನೆ ತಿರುಗಿಸಬೇಕು. ಮಾರ್ಕರನ್ನೂ ಕೋಡ್ ಆಗದ ಸಿಂಬಲ್‌ಗಳಲ್ಲೇ, ಡಿಕೋಡ್‌ಗೂ ಮೊದಲೇ, ಹುಡುಕಬೇಕಾಗುತ್ತದೆ.

ಮೊಬೈಲ್ ಜಾಲಗಳು ಎಲ್‌ಡಿಪಿಸಿಯನ್ನು ಬೇರೆ ಕಾರಣಕ್ಕೆ ಹಿಡಿದಿವೆ. 4ಜಿಯ ಡೇಟಾಗೆ ಟರ್ಬೊ ಇತ್ತು, 5ಜಿಯಲ್ಲಿ ಡೇಟಾಗೆ ಎಲ್‌ಡಿಪಿಸಿ, ಕಂಟ್ರೋಲ್ ಚಾನೆಲ್‌ಗೆ ಪೋಲಾರ್ ಕೋಡ್. ಅಲ್ಲಿ ಫ್ರೇಮ್ ಕೆಟ್ಟರೆ ಕೆಲವೇ ಮಿಲಿಸೆಕೆಂಡಿನಲ್ಲಿ ಇನ್ನಷ್ಟು ಪ್ಯಾರಿಟಿ ಕೇಳಿ ಪಡೆದು ಹಳೆಯದರ ಜೊತೆ ಕೂಡಿಸಬಹುದು. ಹಾಗಾಗಿ ಮೊದಲ ಸಲ ಹತ್ತರಲ್ಲೊಂದು ಬಿದ್ದರೂ ಅವರಿಗೆ ಅಡ್ಡಿಯಿಲ್ಲ. ಮಂಗಳದಿಂದ ಸಿಗ್ನಲ್ ಬರಲು 3ರಿಂದ 22 ನಿಮಿಷ ಬೇಕು, ಅಲ್ಲಿ ಮೊದಲ ಸಲವೇ ಸರಿಯಾಗಿ ತಲುಪುವಂತೆ ಕಳಿಸಬೇಕು.

ಅಲೆಮನೆ:

ಅಭ್ಯಾಸಕ್ಕೆ ಇನ್ನೊಂದು ಸಿಗ್ನಲ್ ಹೇಳುತ್ತೇನೆ, ನಮ್ಮ ತಲೆಯ ಮೇಲೆ ದಿನವಿಡೀ ಇರುವಂಥದ್ದು: ಭಾರತದ ಸ್ಥಾನ ತಿಳಿಸುವ ಉಪಗ್ರಹ ವ್ಯವಸ್ಥೆ ನಾವಿಕ್, ಎಲ್5 ಬ್ಯಾಂಡ್, 1176.45 ಮೆಗಾಹರ್ಟ್ಸ್. ಅದೇ 171, 133ರ ಕೋಡ್. ಒಂದು ಸಬ್‌ಫ್ರೇಮ್ 600 ಸಿಂಬಲ್. ಮೊದಲ 16 ಸಿಂಕ್ (ಇಬಿ 90, ಉಲ್ಟಾ ಆದರೆ 14 6ಎಫ್), ಉಳಿದ 584 ಸಿಂಬಲ್ 73 ಕಾಲಂ, 8 ಸಾಲಿನ ಇಂಟರ್‌ಲೀವರ್‌ನಲ್ಲಿ ಕಲಸಿರುತ್ತವೆ. ಬಿಡಿಸಿ ಡಿಕೋಡ್ ಮಾಡಿದರೆ 292 ಬಿಟ್, ಅದರಲ್ಲಿ 24 ಸಿಆರ್‌ಸಿ, ಕೊನೆಯ 6 ಸೊನ್ನೆ. ಆ ಆರು ಸೊನ್ನೆಗಳಿಂದಾಗಿ ವಿಟರ್ಬಿ ಪ್ರತಿ ಸಬ್‌ಫ್ರೇಮನ್ನೂ ಸೊನ್ನೆ ಸ್ಥಿತಿಯಲ್ಲೇ ಶುರುಮಾಡಿ ಸೊನ್ನೆಯಲ್ಲೇ ಮುಗಿಸಬಹುದು, ಟ್ರೇಸ್‌ಬ್ಯಾಕ್ ಆಳದ ತಲೆನೋವಿಲ್ಲ. ಇಲ್ಲಿ ಸಿಂಕ್ ಪದಕ್ಕೆ ಕೋಡ್ ಇಲ್ಲ, ಸಿಸಿಎಸ್‌ಡಿಎಸ್‌ಗಿಂತ ಅದೊಂದು ಮುಖ್ಯ ವ್ಯತ್ಯಾಸ. ವೈಫೈಯ ಹಳೇ 802.11ಎ ಕೂಡ ಇದೇ ಎರಡು ಪಾಲಿನಾಮಿಯಲ್ ಬಳಸುತ್ತದೆ, ಆದರೆ 133 ಮೊದಲು, 171 ಆಮೇಲೆ, ತಲೆಕೆಳಗೂ ಇಲ್ಲ. ಒಂದು ಕಡೆಯ ಕೋಡನ್ನು ಇನ್ನೊಂದು ಕಡೆಗೆ ನಕಲು ಮಾಡುವಾಗ ಎಡವುವುದು ಇಲ್ಲಿ.

ತರಂಗದೂರ:

ಮೂವರಿಗೂ ತುಂಬ ಧನ್ಯವಾದ. ಹೆಡರ್ ಎಣಿಕೆ ಒಂದೊಂದೇ ಏರುತ್ತಿತ್ತು, ಸಿಆರ್‌ಸಿಯೂ ಪಾಸ್. 0ರಿಂದ 222ರ ಪರೀಕ್ಷೆಯಲ್ಲಿ ಪ್ಯಾರಿಟಿ ತಾಳೆಯಾಗಲಿಲ್ಲ: ಬೇಸಿಸ್ ತಿರುಗಿಸುತ್ತಿರಲಿಲ್ಲ. ಅದನ್ನು ಸರಿಪಡಿಸಿದ ಕೂಡಲೇ ಫ್ರೇಮ್‌ಗಳು ಪಾಸ್ ಆಗುತ್ತಿವೆ. ಸಾಫ್ಟ್ ಸಿಂಬಲ್‌ಗೆ 128 ಕೂಡಿಸಿದ ಮೇಲೆ ಹಾರ್ಡ್‌ಗಿಂತ ಸ್ಪಷ್ಟವಾಗಿ ಮೇಲು. ಈಗ ಉಳಿದಿರುವುದು ಒಂದೇ: ಉಪಗ್ರಹ ಕೆಳಗಿಳಿಯುವಾಗ ನಾಲ್ಕು ಕೋಡ್‌ವರ್ಡ್‌ಗಳಲ್ಲಿ 2, 1, 3, 2 ಎಂದು ತಿದ್ದುಪಡಿ ಬರುತ್ತಿದ್ದು, ಇದ್ದಕ್ಕಿದ್ದಂತೆ ಒಂದು ಫ್ರೇಮಿನಲ್ಲಿ ನಾಲ್ಕೂ ಒಟ್ಟಿಗೆ ಬೀಳುತ್ತವೆ. ಮುಂದಿನದು ಮತ್ತೆ 2, 2, 1, 3. ಬಿದ್ದ ಫ್ರೇಮಿನ ಆಚೆ ಈಚೆ ಮಾರ್ಕರ್ ಪೋಲಾರಿಟಿ ಬೇರೆ ಬೇರೆ.

ದೂರಸಂಚಾರಿ:

ಅದು ಸೈಕಲ್ ಸ್ಲಿಪ್. ಫ್ರೇಮಿನ ನಡುವೆ ಕಾಸ್ಟಾಸ್ ಲೂಪ್ ಅರ್ಧ ಸುತ್ತು ಜಾರಿದೆ. ಜಾರಿದ ಜಾಗದ ಆಚೆಗೆ ಎಲ್ಲ ಬಿಟ್ ಉಲ್ಟಾ, ಈಚೆಗೆ ಎಲ್ಲ ಸರಿ. ಪೂರ್ತಿ ಉಲ್ಟಾ ಆದರೆ ಕೋಡ್ ಒಪ್ಪುತ್ತದೆ, ಅರ್ಧ ಉಲ್ಟಾ ಆದರೆ 16 ಬೈಟಿನ ಮಿತಿಗೆ ಅದು ಎಲ್ಲಿ ಸಾಲಬೇಕು?

ಆ ಫ್ರೇಮನ್ನು ಉಳಿಸಿಕೊಳ್ಳಬಹುದು. ರೀ-ಎನ್‌ಕೋಡ್ ಹೋಲಿಕೆಯಲ್ಲಿ ದೋಷ ದಿಢೀರನೆ ಏರಿ ಇಳಿದ ಜಾಗ ಗುರುತಿಸಿ, ಅಲ್ಲಿಂದ ಫ್ರೇಮಿನ ಕೊನೆಯವರೆಗೆ ಬಿಟ್ ತಿರುಗಿಸಿ ಮತ್ತೆ ಡಿಕೋಡ್ ಮಾಡಿ. ಜಾಗ ಹತ್ತಿಪ್ಪತ್ತು ಬೈಟ್ ಆಚೀಚೆ ಆದರೂ ಚಿಂತೆಯಿಲ್ಲ, ಅದು ನಾಲ್ಕು ಕೋಡ್‌ವರ್ಡ್‌ಗೆ ಹಂಚಿಹೋಗುತ್ತದೆ.

ಜಾರದಂತೆ ತಡೆಯುವುದು ಇನ್ನೂ ಮೇಲು. 437 ಮೆಗಾಹರ್ಟ್ಸ್‌ನಲ್ಲಿ ಕೆಳಕಕ್ಷೆಯ ಡಾಪ್ಲರ್ ಆಚೀಚೆ 10 ಕಿಲೋಹರ್ಟ್ಸ್‌ವರೆಗೆ ಹೋಗುತ್ತದೆ. ಅದನ್ನೆಲ್ಲ ಲೂಪೇ ಬೆನ್ನಟ್ಟಲಿ ಎಂದು ಬಿಟ್ಟರೆ ಬ್ಯಾಂಡ್‌ವಿಡ್ತ್ ಅಗಲ ಇಡಬೇಕಾಗುತ್ತದೆ, ಅಗಲ ಇಟ್ಟಷ್ಟೂ ನಾಯ್ಸ್ ಒಳಗೆ ಬಂದು ಲೂಪ್ ಜಾರುತ್ತದೆ. ಕಕ್ಷೆಯ ವಿವರ ಕೊಡುವ ಟಿಎಲ್‌ಇ ಸಾಲುಗಳಿಂದ ಡಾಪ್ಲರ್ ಲೆಕ್ಕಹಾಕಿ ಮೊದಲೇ ಕಳೆದುಬಿಡಿ. ಆಮೇಲೆ ಲೂಪ್ ಬ್ಯಾಂಡ್‌ವಿಡ್ತ್ ಸಿಂಬಲ್ ರೇಟಿನ 1% ಇದ್ದರೆ, ಅಂದರೆ 200 ಹರ್ಟ್ಸ್, ಅದನ್ನು 40ರಿಂದ 60 ಹರ್ಟ್ಸ್‌ಗೆ ಇಳಿಸಿ. ಲಾಕ್ ಹಿಡಿಯುವಾಗ ಅಗಲ, ಹಿಡಿದ ಮೇಲೆ ಕಿರಿದು ಎಂದು ಎರಡು ಹಂತ ಮಾಡಿದರೆ ಪಾಸ್‌ನ ಶುರುವಿನಲ್ಲೂ ಕಷ್ಟವಾಗದು.

ಮುಂದಿನ ಉಪಗ್ರಹದಲ್ಲಿ ಕನ್ವಲ್ಯೂಷನಲ್ ಜೋಡಿಯನ್ನೇ ಉಳಿಸಿಕೊಂಡರೆ, ಎನ್‌ಕೋಡರಿನ ಮುಂಚೆ ಎನ್‌ಆರ್‌ಜ಼ಡ್-ಎಂ ಡಿಫರೆನ್ಷಿಯಲ್ (ಬಿಟ್ಟನ್ನು ಮಟ್ಟವಾಗಿ ಅಲ್ಲ, ಮಟ್ಟದ ಬದಲಾವಣೆಯಾಗಿ ಕಳಿಸುವ ಕ್ರಮ) ಹಾಕಿಸಿ. ವಿಟರ್ಬಿಯ ನಂತರ, ಮಾರ್ಕರ್ ಹುಡುಕುವ ಮುಂಚೆ ಅದನ್ನು ಬಿಚ್ಚಿದರೆ ಪೋಲಾರಿಟಿಯ ಪ್ರಶ್ನೆಯೇ ಇರುವುದಿಲ್ಲ, ಸ್ಲಿಪ್ ಆದರೆ ಹಾಳಾಗುವುದು ಕೆಲವೇ ಬೈಟ್. ಬಿಡಿ ತಪ್ಪು ಒಂದಿದ್ದರೆ ಎರಡಾಗುತ್ತದೆ, ನಿಜ. ಆದರೆ ವಿಟರ್ಬಿಯ ತಪ್ಪುಗಳು ಹೇಗೂ ಗೊಂಚಲಾಗಿರುವುದರಿಂದ ಬೈಟ್ ಲೆಕ್ಕದಲ್ಲಿ ನಷ್ಟ ಅಲ್ಪ.